ಒನ್ಸ್ (ನೈಟ್‌ವಿಶ್ ತಂಡದ ಆಲ್ಬಂ)

ಒನ್ಸ್ ಫಿನ್ಲೆಂಡಿನ ಸಿಂಫೊನಿಕ್ ಮೆಟಲ್ ತಂಡ ನೈಟ್‌ವಿಶ್‌ನ ಐದನೆಯ ಸ್ಟುಡಿಯೊ ಆಲ್ಬಂ. 2004ರ ಜೂನ್ 7ರಂದು ಬಿಡುಗಡೆಯಾಯಿತು. ಇದರಲ್ಲಿ ಹನ್ನೊಂದು ಹಾಡುಗಳಿದ್ದು ಒಟ್ಟು ಅವಧಿ ಸುಮಾರು 60 ನಿಮಿಷ. ಹತ್ತು ಹಾಡುಗಳ ಸಾಹಿತ್ಯ ಇಂಗ್ಲಿಷಿನಲ್ಲಿದೆ, ಒಂದು ಹಾಡು ಮುಖ್ಯವಾಗಿ ಫಿನ್ನಿಶ್ ಭಾಷೆಯದು. ಇಂಗ್ಲಿಷ್ ಹಾಡುಗಳಲ್ಲಿ ಒಂದರ ಕೊನೆಗೆ ಲಕೋಟಾ ಭಾಷೆಯ ವಾಚನವಿದೆ. ಲಂಡನ್ನಿನ ವಾದ್ಯವೃಂದವೊಂದರ ಜೊತೆ ತಂಡ ಮಾಡಿದ ಮೊದಲ ಆಲ್ಬಂ ಇದು. ಸ್ಥಾಪಕ ಗಾಯಕಿ ತಾರ್ಯಾ ತುರುನೆನ್ ತಂಡಕ್ಕಾಗಿ ಹಾಡಿದ ಕೊನೆಯ ಸ್ಟುಡಿಯೊ ಆಲ್ಬಂ ಕೂಡ ಇದೇ.

ಆಲ್ಬಮಿನ ಸಂಗೀತವನ್ನು ವಿವರಿಸುವಾಗ ‘ತಂಡ’ ಎಂಬುದು ನೈಟ್‌ವಿಶ್‌ನ ಐವರು ಸದಸ್ಯರನ್ನು ಮಾತ್ರ ಸೂಚಿಸುತ್ತದೆ. ತಂತಿವಾದ್ಯ, ಊದುವಾದ್ಯ ಮತ್ತು ತಾಳವಾದ್ಯಗಳ ಪಾಶ್ಚಾತ್ಯ ಶಾಸ್ತ್ರೀಯ ಮೇಳವನ್ನು ‘ವಾದ್ಯವೃಂದ’ ಎಂದೂ, ಸ್ತ್ರೀ ಮತ್ತು ಪುರುಷ ಕಂಠಗಳ ಬಹುಧ್ವನಿ ಮೇಳವನ್ನು ‘ಗಾಯನವೃಂದ’ ಎಂದೂ ಕರೆಯಲಾಗಿದೆ. ಹೆವಿ ಮೆಟಲ್ ಸಂಗೀತದ ಗಿಟಾರ್, ಬೇಸ್, ಡ್ರಮ್ಸ್‌ಗಳ ಜೊತೆಗೆ ವಾದ್ಯವೃಂದ, ಗಾಯನವೃಂದ ಮತ್ತು ಅನೇಕ ವೇಳೆ ಆಪೆರಾ ಶೈಲಿಯ ಕಂಠವನ್ನು ಸೇರಿಸುವ ಪ್ರಕಾರವೇ ಸಿಂಫೊನಿಕ್ ಮೆಟಲ್.

ಹಿನ್ನೆಲೆ

ರಾಕ್ ತಂಡವನ್ನೂ ವಾದ್ಯವೃಂದವನ್ನೂ ಒಂದೇ ವೇದಿಕೆಗೆ ತರುವ ಯತ್ನ ಹಳೆಯದು. ಇಂಗ್ಲೆಂಡಿನ ಡೀಪ್ ಪರ್ಪಲ್ ತಂಡ 1969ರಲ್ಲಿ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ರಾಯಲ್ ಫಿಲ್ಹಾರ್ಮಾನಿಕ್ ವಾದ್ಯವೃಂದದೊಡನೆ ಕಚೇರಿ ನಡೆಸಿತು. ಅಮೆರಿಕದ ಮೆಟಾಲಿಕಾ ತಂಡ ಹೆಚ್ಚಾಗಿ ತನ್ನ ಹಳೆಯ ಹಾಡುಗಳನ್ನು 1999ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸಿಂಫೊನಿಯೊಡನೆ ನುಡಿಸಿತು. ಇವೆರಡೂ ಒಂದು ಸಂದರ್ಭಕ್ಕಾಗಿ ಏರ್ಪಟ್ಟ ಸೇರುವಿಕೆಗಳು. ಆಲ್ಬಮಿನ ರಚನೆಯಲ್ಲೇ ಎರಡನ್ನೂ ಹೆಣೆಯುವ ಕೆಲಸ ಬಲವಾಗಿ ಕಾಣಿಸಿಕೊಂಡದ್ದು ಸ್ವೀಡನ್ನಿನ ಥೇರಿಯನ್ ತಂಡದ ಥೆಲಿ (1996) ಆಲ್ಬಮಿನಲ್ಲಿ. ಅದೇ ವರ್ಷ ನೆದರ್ಲೆಂಡ್ಸಿನಲ್ಲಿ ವಿದಿನ್ ಟೆಂಪ್ಟೇಷನ್, ಫಿನ್ಲೆಂಡಿನಲ್ಲಿ ನೈಟ್‌ವಿಶ್ ಹುಟ್ಟಿಕೊಂಡವು.

ನೈಟ್‌ವಿಶ್‌ನ ಹುಟ್ಟೂರು ಕಿತೇ. ಇದು ಪೂರ್ವ ಫಿನ್ಲೆಂಡಿನ ಕರೇಲಿಯ ಪ್ರದೇಶದಲ್ಲಿ ರಷ್ಯದ ಗಡಿಗೆ ಸಮೀಪದಲ್ಲಿರುವ ಸಣ್ಣ ಪಟ್ಟಣ. 1996ರ ಬೇಸಿಗೆಯಲ್ಲಿ ಕೀಬೋರ್ಡ್ ವಾದಕ ತುವೊಮಸ್ ಹೊಲೊಪೈನೆನ್, ಗಿಟಾರ್ ವಾದಕ ಎಂಪ್ಪು ವುವೊರಿನೆನ್ ಮತ್ತು ಗಾಯಕಿ ತಾರ್ಯಾ ತುರುನೆನ್ ಸೇರಿ ತಂಡ ಕಟ್ಟಿದರು. ಆರಂಭದ ಉದ್ದೇಶ ಮೆಟಲ್ ಆಗಿರಲಿಲ್ಲ. ಕೀಬೋರ್ಡ್, ಅಕೂಸ್ಟಿಕ್ ಗಿಟಾರ್ ಮತ್ತು ಕಂಠ ಇಷ್ಟರಿಂದಲೇ ಮೃದುವಾದ ಸಂಗೀತ ಮಾಡುವುದಿತ್ತು. ಸಿಬೇಲಿಯಸ್ ಅಕಾಡೆಮಿಯಲ್ಲಿ ಶಾಸ್ತ್ರೀಯ ಶಿಕ್ಷಣ ಪಡೆಯುತ್ತಿದ್ದ ತುರುನೆನ್‌ಳ ಕಂಠ ಇಂಥ ಮೃದು ವಾದ್ಯಗಳ ನಡುವೆ ದೊಡ್ಡದಾಯಿತೆಂದು ಎಲೆಕ್ಟ್ರಿಕ್ ಗಿಟಾರ್ ಮತ್ತು ಡ್ರಮ್ಸ್ ಬಂದವು. ಯುಕ್ಕಾ ನೆವಲೈನೆನ್ ಡ್ರಮ್ಸ್ ವಾದಕನಾಗಿ ಸೇರಿದ.

ಏಂಜೆಲ್ಸ್ ಫಾಲ್ ಫಸ್ಟ್ (1997), ಓಶನ್‌ಬಾರ್ನ್ (1998), ವಿಶ್‌ಮಾಸ್ಟರ್ (2000) ಎಂಬ ಮೊದಲ ಮೂರು ಆಲ್ಬಮುಗಳಲ್ಲಿ ವಾದ್ಯವೃಂದದ ಜಾಗವನ್ನು ಬಹುಮಟ್ಟಿಗೆ ಹೊಲೊಪೈನೆನ್‌ನ ಕೀಬೋರ್ಡೇ ತುಂಬಿತ್ತು. 2001ರಲ್ಲಿ ತಂಡ ಒಡೆಯುವ ಹಂತಕ್ಕೆ ಬಂದು, ಬೇಸ್ ವಾದಕ ಸಾಮಿ ವಾನ್‌ಸ್ಕಾ ಹೊರಹೋಗಿ, ಮಾರ್ಕೊ ಹಿಯೆತಲಾ ಒಳಬಂದ. ಈತ ಬೇಸ್ ವಾದಕ ಮಾತ್ರವಲ್ಲ, ಗಡಸು ಕಂಠದ ಗಾಯಕ ಕೂಡ. ಸ್ತ್ರೀಕಂಠಕ್ಕೆ ಎದುರಾಗಿ ನಿಲ್ಲುವ ಪುರುಷಕಂಠ ತಂಡಕ್ಕೆ ಖಾಯಂ ಆಗಿ ಸಿಕ್ಕಿದ್ದು ಆಗಲೇ. ಸೆಂಚುರಿ ಚೈಲ್ಡ್ (2002) ಆಲ್ಬಮಿನಲ್ಲಿ ಯೋಯೆನ್‌ಸೂ ನಗರದ ವಾದ್ಯವೃಂದವನ್ನು ಬಳಸಿಕೊಳ್ಳಲಾಯಿತು. ಕೀಬೋರ್ಡಿನಿಂದ ನಿಜವಾದ ವಾದ್ಯವೃಂದಕ್ಕೆ ಸಾಗಿದ ಈ ಹೆಜ್ಜೆಯ ಮುಂದುವರಿಕೆಯೇ ಒನ್ಸ್.

ರಚನೆ ಮತ್ತು ಧ್ವನಿಮುದ್ರಣ

ಆಲ್ಬಮಿನ ಪ್ರಧಾನ ಸ್ವರಸಂಯೋಜಕ ಹೊಲೊಪೈನೆನ್. ಸಾಹಿತ್ಯವೂ ಬಹುತೇಕ ಈತನದೇ. ಕೆಲವು ಹಾಡುಗಳ ಸಂಯೋಜನೆಯಲ್ಲಿ ವುವೊರಿನೆನ್ ಮತ್ತು ಹಿಯೆತಲಾ ಪಾಲುದಾರರು. ತಂಡದ ವಾದನ ಫಿನ್ಲೆಂಡಿನಲ್ಲಿ ತೆರೊ ಕಿನ್ನುನೆನ್‌ನ ಉಸ್ತುವಾರಿಯಲ್ಲಿ ಧ್ವನಿಮುದ್ರಣಗೊಂಡಿತು. ಕಿನ್ನುನೆನ್ ಮೊದಲ ಆಲ್ಬಮಿನಿಂದಲೂ ತಂಡದ ಜೊತೆಗಿದ್ದ ತಂತ್ರಜ್ಞ. ಹೆಲ್ಸಿಂಕಿಯ ಫಿನ್ವಾಕ್ಸ್ ಸ್ಟುಡಿಯೊದಲ್ಲಿ ಮಿಕ್ಸಿಂಗ್ ಮಾಡಿದ್ದು ಮಿಕ್ಕೊ ಕಾರ್ಮಿಲಾ, ಮಾಸ್ಟರಿಂಗ್ ಮಾಡಿದ್ದು ಮಿಕಾ ಯುಸ್ಸಿಲಾ. ಆ ಕಾಲದ ಫಿನ್ನಿಶ್ ಮೆಟಲ್ ಆಲ್ಬಮುಗಳ ಹಿಂಬದಿಯಲ್ಲಿ ಇವರಿಬ್ಬರ ಹೆಸರು ಮತ್ತೆ ಮತ್ತೆ ಕಾಣಸಿಗುತ್ತದೆ.

ವಾದ್ಯವೃಂದದ ಭಾಗಗಳನ್ನು ಬರೆದದ್ದು ಇಂಗ್ಲೆಂಡಿನ ಪಿಪ್ ವಿಲಿಯಮ್ಸ್. ಸ್ಟೇಟಸ್ ಕ್ವೊ, ಮೂಡಿ ಬ್ಲೂಸ್ ಮುಂತಾದ ರಾಕ್ ತಂಡಗಳ ನಿರ್ಮಾಪಕನಾಗಿ ಹೆಸರಾಗಿದ್ದ ಈತನಿಗೆ ರಾಕ್ ಮತ್ತು ವಾದ್ಯವೃಂದ ಎರಡರ ಬರವಣಿಗೆಯೂ ಗೊತ್ತಿತ್ತು. ಹೊಲೊಪೈನೆನ್ ಕೀಬೋರ್ಡಿನಲ್ಲಿ ಸಿದ್ಧಪಡಿಸಿದ ಕರಡು ಧ್ವನಿಮುದ್ರಣಗಳನ್ನು ಆಧರಿಸಿ ವಿಲಿಯಮ್ಸ್ ಪ್ರತಿ ವಾದ್ಯದ ಪಾಲನ್ನೂ ಸ್ವರಲಿಪಿಗೆ ಇಳಿಸಿದ. ನುಡಿಸಿದವರು ಅಕಾಡೆಮಿ ಆಫ್ ಸೇಂಟ್ ಮಾರ್ಟಿನ್ ಇನ್ ದ ಫೀಲ್ಡ್ಸ್ ವಾದ್ಯವೃಂದದವರು. ನೆವಿಲ್ ಮ್ಯಾರಿನರ್ 1958ರಲ್ಲಿ ಲಂಡನ್ನಿನಲ್ಲಿ ಸ್ಥಾಪಿಸಿದ ಈ ಸಂಸ್ಥೆ ಮೊಟ್ಸಾರ್ಟನ ಬದುಕನ್ನು ಆಧರಿಸಿದ ಅಮಡೇಯಸ್ (1984) ಚಲನಚಿತ್ರದ ಸಂಗೀತದಿಂದ ಜಗತ್ತಿಗೆ ಪರಿಚಿತ. ಗಾಯನವೃಂದದ ಪಾಲನ್ನು ಜೆನ್ನಿ ಓ’ಗ್ರೇಡಿ ನೇತೃತ್ವದ ಮೆಟ್ರೊ ವಾಯ್ಸಸ್ ನಿರ್ವಹಿಸಿತು. ಚಲನಚಿತ್ರಗಳ ಹಿನ್ನೆಲೆ ಸಂಗೀತಕ್ಕೆ ಹಾಡುವುದೇ ಇವರ ಮುಖ್ಯ ವೃತ್ತಿ. ಈ ಆಯ್ಕೆ ಆಕಸ್ಮಿಕವಲ್ಲ: ಹ್ಯಾನ್ಸ್ ಝಿಮ್ಮರ್, ಡ್ಯಾನಿ ಎಲ್ಫ್‌ಮನ್ ಮುಂತಾದ ಚಲನಚಿತ್ರ ಸಂಗೀತಗಾರರ ಪ್ರಭಾವವನ್ನು ಹೊಲೊಪೈನೆನ್ ಬಹಿರಂಗವಾಗಿಯೇ ಒಪ್ಪಿಕೊಂಡಿದ್ದಾನೆ.

ಲಂಡನ್ನಿನ ಈ ಕೆಲಸದಿಂದಾಗಿ ಖರ್ಚು ಬೆಳೆಯಿತು. ಬಿಡುಗಡೆಯ ಹೊತ್ತಿಗೆ ಫಿನ್ಲೆಂಡಿನಲ್ಲಿ ತಯಾರಾದ ಅತ್ಯಂತ ದುಬಾರಿ ಆಲ್ಬಮುಗಳ ಸಾಲಿಗೆ ಇದು ಸೇರಿತ್ತು. ತಂಡದ ಮುಂದಿನ ಆಲ್ಬಂ ಡಾರ್ಕ್ ಪ್ಯಾಷನ್ ಪ್ಲೇ (2007) ಇದನ್ನೂ ಮೀರಿಸಿತು.

ಸಂಗೀತದ ಸ್ವರೂಪ

ಮೆಟಲ್ ಮತ್ತು ವಾದ್ಯವೃಂದ ಸೇರುವಾಗ ಎದುರಾಗುವ ತೊಡಕು ಮೂಲತಃ ನಾದದ್ದು. ಡಿಸ್ಟಾರ್ಷನ್ ಹಾಕಿದ ಗಿಟಾರಿನ ನಾದ ಮಧ್ಯಮ ಆವರ್ತನಗಳನ್ನು ಪೂರ್ತಿ ಆಕ್ರಮಿಸುತ್ತದೆ. ವಯೋಲ, ಚೆಲ್ಲೊ, ಫ್ರೆಂಚ್ ಹಾರ್ನ್‌ಗಳ ನಾದವೂ ಬಹುಪಾಲು ಅಲ್ಲೇ ಇರುವುದರಿಂದ ಎಲ್ಲವೂ ಒಟ್ಟಿಗೆ ನುಡಿದರೆ ಸೋಲುವುದು ವಾದ್ಯವೃಂದ. ಒನ್ಸ್‌ನಲ್ಲಿ ಇದಕ್ಕೆ ಕಂಡುಕೊಂಡ ಪರಿಹಾರ ಸಂಯೋಜನೆಯ ಹಂತದಲ್ಲೇ ಇದೆ. ಗಿಟಾರ್ ರಿಫ್‌ಗಳು ಕೆಳಸ್ಥಾಯಿಯಲ್ಲಿ, ಚಿಕ್ಕ ಚಿಕ್ಕ ಲಯದ ತುಂಡುಗಳಾಗಿ ಸಾಗುತ್ತವೆ. ಆ ತುಂಡುಗಳ ನಡುವಿನ ಬಿಡುವಿನಲ್ಲಿ ಹಿತ್ತಾಳೆಯ ಊದುವಾದ್ಯಗಳು ಉತ್ತರ ಕೊಡುತ್ತವೆ, ಪಿಟೀಲುಗಳು ಗಾಯಕಿಯ ಸ್ಥಾಯಿಯ ಆಚೀಚೆ ಓಡಾಡುತ್ತವೆ. ಕೆಲವೆಡೆ ಗಿಟಾರ್ ಪೂರ್ತಿ ನಿಂತು ವಾದ್ಯವೃಂದಕ್ಕೆ ಜಾಗ ಬಿಡುತ್ತದೆ. ಗಿಟಾರಿನ ಒಂಟಿ ವಾದನಗಳು ಕಡಿಮೆ, ಇದ್ದರೂ ಚಿಕ್ಕವು. ಸಾಮಾನ್ಯ ಮೆಟಲ್ ಆಲ್ಬಮಿನಲ್ಲಿ ಗಿಟಾರಿಗೆ ಸಲ್ಲುವ ಮುಂದಾಳುತನ ಇಲ್ಲಿ ವಾದ್ಯವೃಂದಕ್ಕೆ ಸಂದಿದೆ.

ಗಾಯನದಲ್ಲಿಯೂ ಬದಲಾವಣೆ ಇದೆ. ಓಶನ್‌ಬಾರ್ನ್‌ನಲ್ಲಿ ತುರುನೆನ್‌ಳ ಕಂಠ ಬಹುತೇಕ ಆಪೆರಾ ಸೊಪ್ರಾನೊ ಶೈಲಿಯದು. ಒನ್ಸ್‌ನಲ್ಲಿ ಆ ಶೈಲಿ ಕೆಲವು ಜಾಗಗಳಿಗೆ ಸೀಮಿತವಾಗಿ, ಉಳಿದೆಡೆ ಸ್ಥಾಯಿ ಕೆಳಗಿಳಿದು ಉಚ್ಚಾರ ಸ್ಪಷ್ಟವಾಗಿ, ಪಾಪ್ ಗಾಯನಕ್ಕೆ ಹತ್ತಿರವಾಗುತ್ತದೆ. ಆಪೆರಾದ ಭವ್ಯತೆಯನ್ನು ಈಗ ಗಾಯನವೃಂದ ಹೊತ್ತಿರುವುದರಿಂದ ಗಾಯಕಿಯ ಮೇಲೆ ಆ ಭಾರವಿಲ್ಲ. ಹಿಯೆತಲಾನ ಕಂಠ ಕೆಲವು ಹಾಡುಗಳಲ್ಲಿ ಸಮಪಾಲು ಪಡೆದಿದೆ.

ಹಾಡುಗಳು

ಆಲ್ಬಮಿನ ಕ್ರಮದಲ್ಲಿ ಹಾಡುಗಳು ಇವು: ಡಾರ್ಕ್ ಚೆಸ್ಟ್ ಆಫ್ ವಂಡರ್ಸ್, ವಿಶ್ ಐ ಹ್ಯಾಡ್ ಆ್ಯನ್ ಏಂಜೆಲ್, ನೆಮೊ, ಪ್ಲಾನೆಟ್ ಹೆಲ್, ಕ್ರೀಕ್ ಮೇರೀಸ್ ಬ್ಲಡ್, ದ ಸೈರನ್, ಡೆಡ್ ಗಾರ್ಡನ್ಸ್, ರೊಮ್ಯಾಂಟಿಸೈಡ್, ಘೋಸ್ಟ್ ಲವ್ ಸ್ಕೋರ್, ಕುವೊಲೆಮಾ ತೆಕೇ ತೈತೆಲಿಯನ್, ಹೈಯರ್ ದ್ಯಾನ್ ಹೋಪ್. ವೈಟ್ ನೈಟ್ ಫ್ಯಾಂಟಸಿ ಮತ್ತು ಲಿವ್ ಟು ಟೆಲ್ ದ ಟೇಲ್ ಎಂಬ ಎರಡು ಹಾಡುಗಳು ಕೆಲವು ಆವೃತ್ತಿಗಳಲ್ಲಿ ಹೆಚ್ಚುವರಿಯಾಗಿ ಸಿಗುತ್ತವೆ. ಅವು ಹನ್ನೊಂದರ ಲೆಕ್ಕಕ್ಕೆ ಸೇರಿಲ್ಲ.

ಮೊದಲ ಗುಂಪು ನಾಲ್ಕರಿಂದ ಐದು ನಿಮಿಷದ, ಪಲ್ಲವಿ-ಚರಣದ ಚೌಕಟ್ಟಿನ ಹಾಡುಗಳದು. ನೆಮೊ ಇವುಗಳಲ್ಲಿ ಪ್ರಸಿದ್ಧ. ಪಿಯಾನೊದ ಸರಳ ಸ್ವರಗುಚ್ಛವೊಂದರಿಂದ ತೊಡಗಿ, ಮಧ್ಯಮ ಗತಿಯಲ್ಲಿ ಸಾಗುವ ಇದರಲ್ಲಿ ತನ್ನ ಹೆಸರನ್ನೂ ದಾರಿಯನ್ನೂ ಕಳೆದುಕೊಂಡವನ ಹಂಬಲವಿದೆ. ವಿಶ್ ಐ ಹ್ಯಾಡ್ ಆ್ಯನ್ ಏಂಜೆಲ್ ನೃತ್ಯಸಂಗೀತದ ಎಲೆಕ್ಟ್ರಾನಿಕ್ ತಾಳವನ್ನು ಬಳಸುವ ಯುಗಳಗೀತೆ. ಇಂಡಸ್ಟ್ರಿಯಲ್ ಮೆಟಲ್ ಪ್ರಕಾರಕ್ಕೆ ಇಷ್ಟು ಹತ್ತಿರವಾದ ಹಾಡು ಈ ತಂಡದಿಂದ ಹಿಂದೆ ಬಂದಿರಲಿಲ್ಲ. ಪ್ಲಾನೆಟ್ ಹೆಲ್ ಕೂಡ ಯುಗಳಗೀತೆಯೇ. ಗಾಯನವೃಂದದ ಆರ್ಭಟದೊಂದಿಗೆ ತೊಡಗಿ, ಹಿಯೆತಲಾನ ಕಂಠವನ್ನು ಮುಂದಿಟ್ಟುಕೊಂಡು ಹೋಗುತ್ತದೆ. ಡೆಡ್ ಗಾರ್ಡನ್ಸ್ ಮತ್ತು ರೊಮ್ಯಾಂಟಿಸೈಡ್‌ಗಳಲ್ಲಿ ಗಿಟಾರಿನದೇ ಮೇಲುಗೈ.

ದ ಸೈರನ್ ಗ್ರೀಕ್ ಪುರಾಣದಲ್ಲಿ ನಾವಿಕರನ್ನು ಹಾಡಿನಿಂದ ಸೆಳೆದು ಕೊಲ್ಲುವ ಜೀವಿಗಳನ್ನು ಕುರಿತದ್ದು. ಪೌರ್ವಾತ್ಯ ಛಾಯೆಯ ಸ್ವರಶ್ರೇಣಿಯನ್ನು ಇದರಲ್ಲಿ ಬಳಸಲಾಗಿದೆ. ಗಾಯಕಿ ಇಲ್ಲಿ ಅನೇಕ ಕಡೆ ಪದಗಳನ್ನು ಬಿಟ್ಟು ಬರಿಯ ಆಲಾಪದಂಥ ಸ್ವರಗಳನ್ನು ಹಾಡುತ್ತಾಳೆ.

ಎರಡನೆಯ ಗುಂಪು ದೀರ್ಘ ರಚನೆಗಳದು. ಎಂಟೂವರೆ ನಿಮಿಷದ ಕ್ರೀಕ್ ಮೇರೀಸ್ ಬ್ಲಡ್ ತನ್ನ ಶೀರ್ಷಿಕೆಯನ್ನು ಅಮೆರಿಕದ ಲೇಖಕ ಡೀ ಬ್ರೌನ್‌ನ 1980ರ ಕಾದಂಬರಿಯಿಂದ ಪಡೆದಿದೆ. ನೆಲ ಕಳೆದುಕೊಂಡ ಮೂಲನಿವಾಸಿಗಳ ಅಳಲು ಇದರ ವಸ್ತು. ಜಾನ್ ಟು-ಹಾಕ್ಸ್ ಎಂಬ ಕಲಾವಿದ ಇದರಲ್ಲಿ ಮರದ ಕೊಳಲು ನುಡಿಸಿ, ಕೊನೆಯಲ್ಲಿ ಲಕೋಟಾ ಭಾಷೆಯ ಪದ್ಯವನ್ನು ಓದುತ್ತಾನೆ. ಕಾದಂಬರಿಯ ಕ್ರೀಕ್ ಜನ ಅಮೆರಿಕದ ಆಗ್ನೇಯ ಭಾಗದವರು. ಲಕೋಟಾ ಜನ ಉತ್ತರದ ಬಯಲುಸೀಮೆಯವರು, ಅವರ ಭಾಷೆಯೂ ಬೇರೆ ಕುಟುಂಬದ್ದು. ಹಾಗಾಗಿ ಹಾಡು ಒಂದು ನಿರ್ದಿಷ್ಟ ಜನಾಂಗದ ಚರಿತ್ರೆಯಾಗಿ ಉಳಿಯದೆ ಹಲವು ಜನಾಂಗಗಳನ್ನು ಒಂದಾಗಿಸಿ ನೋಡುತ್ತದೆ.

ಹತ್ತು ನಿಮಿಷದ ಘೋಸ್ಟ್ ಲವ್ ಸ್ಕೋರ್ ಆಲ್ಬಮಿನ ಅತಿ ದೀರ್ಘ ರಚನೆ. ಆಲ್ಬಮಿನ ವಿಧಾನವನ್ನು ಪೂರ್ಣವಾಗಿ ತೋರಿಸುವುದೂ ಇದೇ. ಗಾಯನವೃಂದ ಮತ್ತು ವಾದ್ಯವೃಂದಗಳ ಪೀಠಿಕೆಯ ನಂತರ ತಂಡ ಪ್ರವೇಶಿಸುತ್ತದೆ. ಚರಣ, ಪಲ್ಲವಿಗಳು ಕ್ರಮವಾಗಿ ಬಂದು, ಕೇಳುಗರಿಗೆ ಸಾಮಾನ್ಯ ಹಾಡಿನ ಚೌಕಟ್ಟು ಸಿಕ್ಕಿತೆನ್ನುವಷ್ಟರಲ್ಲಿ ಮಧ್ಯಭಾಗ ಪೂರ್ತಿಯಾಗಿ ವಾದ್ಯವೃಂದದ ಕೈಸೇರುತ್ತದೆ. ಇಲ್ಲಿ ಗತಿ ಹಲವು ಬಾರಿ ಬದಲಾಗುತ್ತದೆ. ಪಲ್ಲವಿಯ ಧಾಟಿ ಹಿತ್ತಾಳೆಯ ವಾದ್ಯಗಳಲ್ಲೂ ಗಾಯನವೃಂದದಲ್ಲೂ ಬೇರೆ ಬೇರೆ ರೂಪ ತಾಳುತ್ತದೆ. ಕೊನೆಯಲ್ಲಿ ಗಾಯಕಿ, ಗಾಯನವೃಂದ, ವಾದ್ಯವೃಂದ, ತಂಡ ಎಲ್ಲವೂ ಒಟ್ಟಾಗಿ ಪಲ್ಲವಿಗೆ ಮರಳಿ ಅದನ್ನು ಮತ್ತೆ ಮತ್ತೆ ಹಾಡುತ್ತವೆ. ಚಲನಚಿತ್ರದ ಹಿನ್ನೆಲೆ ಸಂಗೀತ ದೃಶ್ಯವನ್ನು ಹಿಂಬಾಲಿಸಿದರೆ, ಈ ರಚನೆ ದೃಶ್ಯವೇ ಇಲ್ಲದೆ ಆ ಬಗೆಯ ಏರಿಳಿತವನ್ನು ಕಟ್ಟುತ್ತದೆ. ವಾದ್ಯವೃಂದವನ್ನು ತೆಗೆದುಹಾಕಿದರೆ ಆಲ್ಬಮಿನ ಚಿಕ್ಕ ಹಾಡುಗಳು ಬಡವಾದರೂ ಹಾಡುಗಳಾಗಿ ಉಳಿಯಬಲ್ಲವು. ಘೋಸ್ಟ್ ಲವ್ ಸ್ಕೋರ್ ಉಳಿಯದು.

ಕೊನೆಯ ಎರಡು ಹಾಡುಗಳು ಮಂದಗತಿಯವು. ಕುವೊಲೆಮಾ ತೆಕೇ ತೈತೆಲಿಯನ್, ಅಂದರೆ ಸಾವು ಕಲಾವಿದನನ್ನು ಮಾಡುತ್ತದೆ, ಫಿನ್ನಿಶ್ ಭಾಷೆಯ ಹಾಡು. ಮೆಟಲ್ ಇದರಲ್ಲಿ ಇಲ್ಲವೇ ಇಲ್ಲ ಎನ್ನಬಹುದು. ಹೈಯರ್ ದ್ಯಾನ್ ಹೋಪ್ ಕ್ಯಾನ್ಸರಿನಿಂದ ತೀರಿಕೊಂಡ ಅಮೆರಿಕದ ಅಭಿಮಾನಿ ಗೆಳೆಯನೊಬ್ಬನ ನೆನಪಿಗೆ ರಚಿತವಾದದ್ದು. ಆತನ ಮಾತಿನ ಧ್ವನಿಯನ್ನೂ ಹಾಡಿನಲ್ಲಿ ಸೇರಿಸಲಾಗಿದೆ.

ವಸ್ತು ಮತ್ತು ಮುಖಚಿತ್ರ

ಒನ್ಸ್ ಒಂದೇ ಕಥೆಯನ್ನು ಹೇಳುವ ಆಲ್ಬಂ ಅಲ್ಲ. ಕಳೆದುಹೋದ ಬಾಲ್ಯದ ಮುಗ್ಧತೆ, ಸಾವು, ಕೈಗೂಡದ ಪ್ರೀತಿ, ಬರೆಯುವವನ ಬರಡುತನ ಮುಂತಾದ ಹೊಲೊಪೈನೆನ್‌ನ ಎಂದಿನ ವಸ್ತುಗಳು ಬೇರೆ ಬೇರೆ ಹಾಡುಗಳಲ್ಲಿ ಬರುತ್ತವೆ. ಮುಖಚಿತ್ರದಲ್ಲಿ ಪೀಠದ ಮೇಲೆ ಕುಸಿದು ಬಿದ್ದು ಮುಖ ಮುಚ್ಚಿಕೊಂಡ ದೇವದೂತೆಯ ಶಿಲ್ಪವಿದೆ. ಇದರ ಮೂಲ ಅಮೆರಿಕದ ಶಿಲ್ಪಿ ವಿಲಿಯಂ ವೆಟ್‌ಮೋರ್ ಸ್ಟೋರಿ 1894ರಲ್ಲಿ ತನ್ನ ಪತ್ನಿಯ ಸಮಾಧಿಗಾಗಿ ಕೆತ್ತಿದ ‘ಏಂಜೆಲ್ ಆಫ್ ಗ್ರೀಫ್’. ಮೂಲಶಿಲ್ಪ ರೋಮ್ ನಗರದ ಪ್ರಾಟೆಸ್ಟಂಟ್ ಸ್ಮಶಾನದಲ್ಲಿದ್ದು, ಅದರ ಪ್ರತಿಕೃತಿಗಳು ಹಲವು ದೇಶಗಳ ಸ್ಮಶಾನಗಳಲ್ಲಿ ಕಾಣಸಿಗುತ್ತವೆ.

ಬಿಡುಗಡೆ ಮತ್ತು ಬಳಕೆ

ಫಿನ್ಲೆಂಡಿನಲ್ಲಿ ಸ್ಪೈನ್‌ಫಾರ್ಮ್, ಜರ್ಮನಿ ಮೊದಲಾದೆಡೆ ನ್ಯೂಕ್ಲಿಯರ್ ಬ್ಲಾಸ್ಟ್ ಇದನ್ನು ಪ್ರಕಟಿಸಿದವು. ಅಮೆರಿಕದಲ್ಲಿ ಅದೇ ವರ್ಷದ ಅಕ್ಟೋಬರಿನಲ್ಲಿ ರೋಡ್‌ರನ್ನರ್ ಕಂಪನಿಯ ಮೂಲಕ ಹೊರಬಂತು. ಫಿನ್ಲೆಂಡ್ ಮತ್ತು ಜರ್ಮನಿಗಳ ಮಾರಾಟ ಪಟ್ಟಿಯಲ್ಲಿ ಆಲ್ಬಂ ಮೊದಲ ಸ್ಥಾನಕ್ಕೇರಿತು. ಫಿನ್ಲೆಂಡಿನ ತಂಡವೊಂದು ಜರ್ಮನಿಯಂಥ ದೊಡ್ಡ ಮಾರುಕಟ್ಟೆಯಲ್ಲಿ ಈ ಸ್ಥಾನ ಪಡೆಯುವುದು ಆಗ ಅಪರೂಪವಾಗಿತ್ತು.

ಆಲ್ಬಮಿನಿಂದ ನಾಲ್ಕು ಸಿಂಗಲ್‌ಗಳು ಬಂದವು. ಆಲ್ಬಮಿಗಿಂತ ಮೊದಲೇ, 2004ರ ಏಪ್ರಿಲ್‌ನಲ್ಲಿ ನೆಮೊ ಬಿಡುಗಡೆಯಾಗಿ ಫಿನ್ಲೆಂಡಿನಲ್ಲಿ ಮೊದಲ ಸ್ಥಾನ ಪಡೆಯಿತು. ಹಿಮ ಸುರಿಯುವ ದೃಶ್ಯಗಳಿರುವ ಇದರ ವಿಡಿಯೊವನ್ನು ಆಂತ್ತಿ ಯೊಕಿನೆನ್ ನಿರ್ದೇಶಿಸಿದ. ಸೆಪ್ಟೆಂಬರಿನಲ್ಲಿ ವಿಶ್ ಐ ಹ್ಯಾಡ್ ಆ್ಯನ್ ಏಂಜೆಲ್, ವರ್ಷದ ಕೊನೆಗೆ ಕುವೊಲೆಮಾ ತೆಕೇ ತೈತೆಲಿಯನ್, 2005ರಲ್ಲಿ ದ ಸೈರನ್ ಹೊರಬಂದವು. ವಿಶ್ ಐ ಹ್ಯಾಡ್ ಆ್ಯನ್ ಏಂಜೆಲ್ ಹಾಡನ್ನು ಊವೆ ಬೋಲ್ ನಿರ್ದೇಶನದ ಅಲೋನ್ ಇನ್ ದ ಡಾರ್ಕ್ (2005) ಚಲನಚಿತ್ರದಲ್ಲಿ ಬಳಸಿಕೊಳ್ಳಲಾಯಿತು. 2005ರ ಆಗಸ್ಟ್‌ನಲ್ಲಿ ಹೆಲ್ಸಿಂಕಿಯಲ್ಲಿ ನಡೆದ ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್‌ನ ಉದ್ಘಾಟನೆಯಲ್ಲಿ ತಂಡ ನೆಮೊ ಹಾಡನ್ನು ಪ್ರಸ್ತುತಪಡಿಸಿತು.

ಪ್ರವಾಸ ಮತ್ತು ಗಾಯಕಿಯ ನಿರ್ಗಮನ

ಆಲ್ಬಮಿನ ನಂತರ ಒನ್ಸ್ ಅಪಾನ್ ಎ ಟೂರ್ ಎಂಬ ಹೆಸರಿನಲ್ಲಿ ತಂಡ ಯುರೋಪ್ ಮತ್ತು ಅಮೆರಿಕ ಖಂಡಗಳಲ್ಲಿ ಸುತ್ತಿತು. ವಾದ್ಯವೃಂದವನ್ನು ಕರೆದೊಯ್ಯುವುದು ಸಾಧ್ಯವಿಲ್ಲದ್ದರಿಂದ ವೇದಿಕೆಯಲ್ಲಿ ಅದರ ಭಾಗಗಳನ್ನು ಧ್ವನಿಮುದ್ರಿಕೆಯಿಂದ ನುಡಿಸಲಾಗುತ್ತಿತ್ತು. ಡ್ರಮ್ಸ್ ವಾದಕ ಆ ಮುದ್ರಿಕೆಯ ಗತಿಗೆ ಕಟ್ಟುಬಿದ್ದು ಬಾರಿಸಬೇಕಾಗುತ್ತಿತ್ತು. 2005ರ ಅಕ್ಟೋಬರ್ 21ರಂದು ಹೆಲ್ಸಿಂಕಿಯ ಹಾರ್ಟ್‌ವಾಲ್ ಅರೇನಾದಲ್ಲಿ ಪ್ರವಾಸದ ಕೊನೆಯ ಕಚೇರಿ ನಡೆಯಿತು. ಜಾನ್ ಟು-ಹಾಕ್ಸ್ ಅಲ್ಲಿ ಅತಿಥಿಯಾಗಿ ಪಾಲ್ಗೊಂಡ.

ಆ ಕಚೇರಿ ಮುಗಿದ ಬೆನ್ನಿಗೇ ಉಳಿದ ನಾಲ್ವರು ಸದಸ್ಯರು ತುರುನೆನ್‌ಳನ್ನು ತಂಡದಿಂದ ಬಿಡುಗಡೆ ಮಾಡಿರುವುದಾಗಿ ಬಹಿರಂಗ ಪತ್ರದ ಮೂಲಕ ತಿಳಿಸಿದರು. ಆಕೆಯೂ ಬಹಿರಂಗವಾಗಿ ಉತ್ತರಿಸಿದಳು. ಫಿನ್ಲೆಂಡಿನ ಪತ್ರಿಕೆಗಳಲ್ಲಿ ಈ ವಿಷಯ ಸಂಗೀತದ ಪುಟಗಳನ್ನು ದಾಟಿ ಸಾರ್ವಜನಿಕ ಚರ್ಚೆಯಾಯಿತು. ಆ ಕಚೇರಿಯ ಮುದ್ರಿಕೆ ಎಂಡ್ ಆಫ್ ಆ್ಯನ್ ಎರಾ ಎಂಬ ಹೆಸರಿನಲ್ಲಿ 2006ರಲ್ಲಿ ಪ್ರಕಟವಾಯಿತು.

ನಂತರದ ಸ್ಥಿತಿ

ಪಿಪ್ ವಿಲಿಯಮ್ಸ್ ಮುಂದಿನ ಹಲವು ಆಲ್ಬಮುಗಳಿಗೂ ವಾದ್ಯವೃಂದದ ಭಾಗಗಳನ್ನು ಬರೆದ. ಒನ್ಸ್‌ನಲ್ಲಿ ರೂಪುಗೊಂಡ ಕೆಲಸದ ಕ್ರಮ, ಅಂದರೆ ಫಿನ್ಲೆಂಡಿನಲ್ಲಿ ತಂಡದ ವಾದನ ಮತ್ತು ಲಂಡನ್ನಿನಲ್ಲಿ ವಾದ್ಯವೃಂದ, ಡಾರ್ಕ್ ಪ್ಯಾಷನ್ ಪ್ಲೇ ಮತ್ತು ಇಮ್ಯಾಜಿನೇರಮ್ (2011) ಆಲ್ಬಮುಗಳಲ್ಲಿ ಮುಂದುವರಿಯಿತು. ಈ ಎರಡು ಆಲ್ಬಮುಗಳ ಗಾಯಕಿ ಸ್ವೀಡನ್ನಿನ ಆನೆಟ್ ಓಲ್ಸೋನ್. ಈಕೆ ಆಪೆರಾ ಶೈಲಿಯ ಗಾಯಕಿಯಲ್ಲ. ಒನ್ಸ್‌ನ ಹಾಡುಗಳನ್ನು ವೇದಿಕೆಯಲ್ಲಿ ಬೇರೆಯೇ ಶೈಲಿಯಲ್ಲಿ ಹಾಡಿದಳು.

2012ರ ಅಕ್ಟೋಬರಿನಲ್ಲಿ ಪ್ರವಾಸದ ನಡುವೆಯೇ ನೆದರ್ಲೆಂಡ್ಸಿನ ಫ್ಲೋರ್ ಯಾನ್‌ಸೆನ್ ಗಾಯಕಿಯ ಸ್ಥಾನಕ್ಕೆ ಬಂದಳು, ಮರುವರ್ಷ ಪೂರ್ಣ ಸದಸ್ಯೆಯಾದಳು. ಆಪೆರಾ ಮತ್ತು ರಾಕ್ ಎರಡೂ ಶೈಲಿಗಳಲ್ಲಿ ನುರಿತ ಈಕೆ 2013ರ ಆಗಸ್ಟ್‌ನಲ್ಲಿ ಜರ್ಮನಿಯ ವಾಕನ್ ಉತ್ಸವದಲ್ಲಿ ಘೋಸ್ಟ್ ಲವ್ ಸ್ಕೋರ್ ಹಾಡಿದ ವಿಡಿಯೊ ಅಂತರಜಾಲದಲ್ಲಿ ಬಹಳ ಪ್ರಚಾರ ಪಡೆಯಿತು. ಅದೇ ವರ್ಷದ ಷೋಟೈಮ್, ಸ್ಟೋರಿಟೈಮ್ ಸಂಪುಟದಲ್ಲಿ ಈ ಕಚೇರಿ ಸೇರಿದೆ. ಮೆಟಲ್ ಕೇಳದ ಅನೇಕರು, ಗಾಯನ ಶಿಕ್ಷಕರೂ ಸೇರಿದಂತೆ, ಈ ವಿಡಿಯೊದ ಮೂಲಕ ಹಾಡನ್ನು ಮೊದಲು ಕೇಳಿ ಅದರ ಬಗ್ಗೆ ವಿಡಿಯೊಗಳನ್ನು ಮಾಡಿದರು. ಹೀಗೆ, ಸಿಂಗಲ್ ಆಗಿ ಬಿಡುಗಡೆಯಾಗದ ಹತ್ತು ನಿಮಿಷದ ರಚನೆಯೊಂದು ಹೊರಬಂದ ಸುಮಾರು ಒಂದು ದಶಕದ ನಂತರ ಆಲ್ಬಮಿನ ಪ್ರಮುಖ ಹಾಡುಗಳ ಸಾಲಿಗೆ ಬಂತು.

ತಂಡದ ಆಯ್ದ ಹಾಡುಗಳ ಸಂಕಲನ ಡಿಕೇಡ್ಸ್ (2018) ಇದರಿಂದ ನೆಮೊ, ವಿಶ್ ಐ ಹ್ಯಾಡ್ ಆ್ಯನ್ ಏಂಜೆಲ್, ಘೋಸ್ಟ್ ಲವ್ ಸ್ಕೋರ್‌ಗಳನ್ನು ಒಳಗೊಂಡಿದೆ. 2021ರಲ್ಲಿ ನ್ಯೂಕ್ಲಿಯರ್ ಬ್ಲಾಸ್ಟ್ ಆಲ್ಬಮಿನ ಮರುಮಾಸ್ಟರ್ ಆವೃತ್ತಿಯನ್ನು ಹೊರತಂದಿತು. ಒನ್ಸ್ ಧ್ವನಿಮುದ್ರಿಸಿದ ಐವರಲ್ಲಿ ಹೊಲೊಪೈನೆನ್ ಮತ್ತು ವುವೊರಿನೆನ್ ಮಾತ್ರ ಈಗ ತಂಡದಲ್ಲಿ ನುಡಿಸುತ್ತಿದ್ದಾರೆ. ನಿದ್ರಾಹೀನತೆಯಿಂದ ಬಳಲಿದ ನೆವಲೈನೆನ್ 2014ರಲ್ಲಿ ಡ್ರಮ್ಸ್ ವಾದನದಿಂದ ಹಿಂದೆ ಸರಿದ. ಹಿಯೆತಲಾ 2021ರ ಜನವರಿಯಲ್ಲಿ ಹೊರಬಂದ. 2024ರಲ್ಲಿ ತುರುನೆನ್ ಮತ್ತು ಹಿಯೆತಲಾ ಜೊತೆಯಾಗಿ ಲ್ಯಾಟಿನ್ ಅಮೆರಿಕದಲ್ಲಿ ಕಚೇರಿಗಳನ್ನು ನಡೆಸಿದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ನೈಟ್‌ವಿಶ್‌ನ ಹತ್ತನೆಯ ಆಲ್ಬಂ ಯೆಸ್ಟರ್‌ವಿಂಡ್ ಪ್ರಕಟವಾಯಿತು. ಅದಕ್ಕಾಗಿ ಪ್ರವಾಸ ಕೈಗೊಳ್ಳುವುದಿಲ್ಲವೆಂದು ತಂಡ ಮೊದಲೇ ತಿಳಿಸಿತ್ತು.